ಬೆಂಗಳೂರು–ಕಾರವಾರ ಸೈಕಲ್ ಪ್ರವಾಸ: ಹಗುರದ ದಿನ ಎಲ್ಲಿ ಇಟ್ಟುಕೊಳ್ಳೋದು, ಆ ದಿನ ಏನೇನು ಮಾಡೋದು?

ಹೊಸ_ಕ್ಯಾರಿಯರ್

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ನಾವಿಬ್ಬರು ಬೆಂಗಳೂರಿನಿಂದ ಕಾರವಾರಕ್ಕೆ ಸೈಕಲ್‌ನಲ್ಲಿ ಹೊರಡುತ್ತಿದ್ದೇವೆ. ರಜೆ ಇರುವುದು 9 ದಿನ. ಈಗ ಹಾಕಿಕೊಂಡಿರುವ ಲೆಕ್ಕ 8 ದಿನದ್ದು, ದೂರಗಳೆಲ್ಲ ಅಂದಾಜು:

ದಿನ 1: ಬೆಂಗಳೂರು–ಮೈಸೂರು, 145 ಕಿ.ಮೀ. (ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಸೈಕಲ್ ಬಿಡುವುದಿಲ್ಲ, ಹಾಗಾಗಿ ಸರ್ವಿಸ್ ರಸ್ತೆ)
ದಿನ 2: ಮೈಸೂರು–ಹುಣಸೂರು–ಕುಶಾಲನಗರ, 88
ದಿನ 3: ಕುಶಾಲನಗರ–ಮಡಿಕೇರಿ, 30
ದಿನ 4: ಮಡಿಕೇರಿ–ಸುಳ್ಯ–ಪುತ್ತೂರು–ಮಂಗಳೂರು, 138
ದಿನ 5: ಮಂಗಳೂರು–ಕುಂದಾಪುರ, 95
ದಿನ 6: ಕುಂದಾಪುರ–ಮುರುಡೇಶ್ವರ, 65
ದಿನ 7: ಮುರುಡೇಶ್ವರ–ಗೋಕರ್ಣ, 78
ದಿನ 8: ಗೋಕರ್ಣ–ಕಾರವಾರ, 60

ಉಳಿದಿರುವ ಒಂದು ದಿನವನ್ನು ಎಲ್ಲಿ ಸೇರಿಸಲಿ? ಮೂರನೇ ದಿನ ಬರೀ 30 ಕಿ.ಮೀ. ಇರುವುದರಿಂದ ಅದನ್ನೇ ಹಗುರದ ದಿನ ಅಂತ ಇಟ್ಟುಕೊಂಡು, ಉಳಿದ ದಿನವನ್ನು ಕೊನೆಗೆ ಕಾರವಾರದಲ್ಲಿ ಕಳೆಯುವ ಯೋಚನೆ ಇದೆ. ಸರಿಯಾಗುತ್ತದೆಯೇ? ಆ ದಿನ ಸೈಕಲ್ ಮುಟ್ಟಲೇಬಾರದೋ, ಸ್ವಲ್ಪ ತುಳಿಯಬೇಕೋ? ಊಟ ಕಡಿಮೆ ಮಾಡಬೇಕೋ? ಸೈಕಲ್‌ನಲ್ಲಿ ಏನೇನು ನೋಡಿಕೊಳ್ಳಬೇಕು?

ನನ್ನ ತೂಕ 68 ಕೆ.ಜಿ., ವಯಸ್ಸು 35. ಹೈಬ್ರಿಡ್ ಸೈಕಲ್ 14 ಕೆ.ಜಿ., ಲಗೇಜು 11 ಕೆ.ಜಿ. ಟಯರು 32 ಮಿ.ಮೀ., ಮುಂದೆ 48-38-28 ಹಲ್ಲು, ಹಿಂದೆ 8 ಸ್ಪೀಡ್ 11ರಿಂದ 32, ಕೇಬಲ್ ಡಿಸ್ಕ್ ಬ್ರೇಕು.

ಘಟ್ಟದ_ಗೇರು

ಮೊದಲು ಆ ಮೂರನೇ ದಿನದ ವಿಷಯ. 30 ಕಿ.ಮೀ. ಅಂದಮಾತ್ರಕ್ಕೆ ಅದು ಹಗುರದ ದಿನ ಅಲ್ಲ. ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸುಮಾರು 1,150. ನಡುವೆ ಇಳಿದು ಹತ್ತುವುದನ್ನು ಬಿಟ್ಟರೂ 320 ಮೀಟರ್ ಏರು. ನೀವು, ಸೈಕಲ್, ಲಗೇಜು ಸೇರಿ 93 ಕೆ.ಜಿ. ಇಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ 290 ಕಿಲೋಜೂಲ್ ಕೆಲಸ ಬೇಕು. ನಮ್ಮ ದೇಹದ ದಕ್ಷತೆ ಕಾಲುಭಾಗಕ್ಕಿಂತ ಸ್ವಲ್ಪ ಕಡಿಮೆ ಇರುವುದರಿಂದ, ಸೈಕಲ್ ತುಳಿಯುವಾಗ ಕಿಲೋಜೂಲ್ ಎಷ್ಟೋ ಖರ್ಚಾಗುವ ಕಿಲೋಕ್ಯಾಲೊರಿಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಏರಿಗೇ ಸುಮಾರು 300 ಕ್ಯಾಲೊರಿ, ಮೇಲೆ ಉಳಿದ ದಾರಿಯ ಲೆಕ್ಕ ಬೇರೆ. ಕ್ಯಾಲೊರಿ ದೊಡ್ಡದೇನಲ್ಲ ನಿಜ. ತೊಂದರೆ ಇರುವುದು ಬೇರೆ ಕಡೆ: ಏರಿನಲ್ಲಿ ನಿಮಗೆ ಬೇಕಾದಷ್ಟು ನಿಧಾನಕ್ಕೆ ಹೋಗಲು ಆಗುವುದಿಲ್ಲ.

ಯಾಕೆಂದರೆ ನಿಮ್ಮ ಅತಿ ಸಣ್ಣ ಗೇರು ಮುಂದೆ 28, ಹಿಂದೆ 32. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 8 ಕಿ.ಮೀ. ನೂರಕ್ಕೆ ಐದರ ಏರಿನಲ್ಲಿ ಆ ವೇಗಕ್ಕೇ ನೂರು ವ್ಯಾಟ್‌ಗಿಂತ ಜಾಸ್ತಿ ಬೇಕು. ಇನ್ನೂ ನಿಧಾನ ಮಾಡಿದರೆ ಹ್ಯಾಂಡಲ್ ಅಲ್ಲಾಡುತ್ತದೆ, ಮಂಡಿ ಮೇಲೆ ಭಾರ ಬೀಳುತ್ತದೆ. ಸಪಾಟು ರಸ್ತೆಯಲ್ಲಾದರೆ 50–60 ವ್ಯಾಟ್‌ನಲ್ಲೇ ಆರಾಮಾಗಿ ಉರುಳಬಹುದು. ಆದ್ದರಿಂದ ಹಗುರದ ದಿನ ಯಾವುದು ಅನ್ನುವುದನ್ನು ಏರು ತೀರ್ಮಾನಿಸುತ್ತದೆ, ದೂರ ಅಲ್ಲ.

ನಾಲ್ಕನೇ ದಿನವನ್ನೂ ಬರೀ ಇಳಿಜಾರು ಅಂದುಕೊಳ್ಳಬೇಡಿ. ಸಂಪಾಜೆವರೆಗೆ ಇಳಿಯುವುದು ಹೌದು. ಅಲ್ಲಿಂದ ಸುಳ್ಯ, ಪುತ್ತೂರು ದಾಟಿ ಬಂಟ್ವಾಳ ಬರುವತನಕ ರಸ್ತೆ ಇಳಿಯುತ್ತಾ ಏರುತ್ತಾ ಇರುತ್ತದೆ, ಒಂದೊಂದೂ ಚಿಕ್ಕದು, ಆದರೆ ಲೆಕ್ಕಕ್ಕೆ ಸಿಗದಷ್ಟು. ಅದೂ ಬೆಳಗ್ಗೆ ಮಡಿಕೇರಿಯ ಚಳಿಯಲ್ಲಿ ಹೊರಟು ಮಧ್ಯಾಹ್ನ ಪುತ್ತೂರಿನ ಸೆಖೆಯಲ್ಲಿ ತುಳಿಯಬೇಕು. ನಿಮ್ಮ ಪಟ್ಟಿಯಲ್ಲಿ ಕಾಲು ಸೋಲುವುದು ಆ ಸಂಜೆ ಮಂಗಳೂರಿನಲ್ಲಿ. ನಾಲ್ಕು ದಿನಕ್ಕೆ 400 ಕಿ.ಮೀ. ಆಗಿರುತ್ತದೆ. ಹಗುರದ ದಿನ ಬರಬೇಕಾದದ್ದು ಅದರ ಬೆನ್ನಿಗೆ. ಕಾರವಾರದಲ್ಲಿ ಇಟ್ಟರೆ ಅದು ಮುಗಿದ ಮೇಲಿನ ರಜೆ, ಪ್ರವಾಸಕ್ಕೆ ಉಪಯೋಗವಿಲ್ಲ.

ನನ್ನ ಸಲಹೆ ಹೀಗೆ. ದಿನ 5ಕ್ಕೆ ಕುಂದಾಪುರ ಬಿಟ್ಟು ಉಡುಪಿಗೇ ನಿಲ್ಲಿಸಿ, 58 ಕಿ.ಮೀ., ಹೆಚ್ಚೂಕಡಿಮೆ ಸಪಾಟು. ದಿನ 6 ಉಡುಪಿಯಲ್ಲೇ. ದಿನ 7 ಉಡುಪಿ–ಮುರುಡೇಶ್ವರ 102, ಮರವಂತೆಯಲ್ಲಿ ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ ನೋಡಿಕೊಂಡು ಹೋಗುವ ದಾರಿ. ದಿನ 8 ಗೋಕರ್ಣ, ದಿನ 9 ಕಾರವಾರ. ರಜೆ ಸರಿಯಾಗಿ ಹೊಂದುತ್ತದೆ. ಉಡುಪಿಯಲ್ಲಿ ಸೈಕಲ್ ಅಂಗಡಿ, ಔಷಧಿ ಅಂಗಡಿ, ಊಟ ಮೂರೂ ನಡೆಯುವ ದೂರದಲ್ಲಿ ಸಿಗುತ್ತವೆ. ರೂಮನ್ನು ಮಣಿಪಾಲದಲ್ಲಿ ಮಾತ್ರ ಮಾಡಬೇಡಿ. ಅದು ಗುಡ್ಡದ ಮೇಲಿದೆ, ಏನು ಬೇಕೆಂದರೂ ಇಳಿದು ಹತ್ತಬೇಕು.

ದಿನ 6ರ ಬೆಳಗ್ಗೆ ತುಳಿಯಿರಿ. ಚೀಲ ರೂಮಿನಲ್ಲೇ ಇರಲಿ. ಉಡುಪಿಯಿಂದ ಮಲ್ಪೆ 6 ಕಿ.ಮೀ., ಅಲ್ಲಿಂದ ಕಡಲ ಪಕ್ಕದ ರಸ್ತೆ ಹಿಡಿದು ಹೂಡೆವರೆಗೆ ಹೋಗಿ ವಾಪಸು ಬಂದರೆ ಒಟ್ಟು 25ರ ಆಸುಪಾಸು. ಒಂದೂವರೆ ಗಂಟೆ ಮೀರಬಾರದು. ಮುಂದೆ 38, ಹಿಂದೆ ನಡುವಿನ ಹಲ್ಲು, ನಿಮಿಷಕ್ಕೆ 85ರಿಂದ 90 ಸುತ್ತು, ಪೆಡಲ್ ಮೇಲೆ ಒತ್ತಡವೇ ಇಲ್ಲ ಅನ್ನಿಸಬೇಕು. 35 ವಯಸ್ಸಿಗೆ ನಾಡಿಮಿಡಿತ 120 ದಾಟದಿದ್ದರೆ ಸರಿ. ವಾಚ್ ಇಲ್ಲದಿದ್ದರೂ ಗೊತ್ತಾಗುತ್ತದೆ: ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡುತ್ತಾ ಹೋಗಲು ಆಗಬೇಕು, ಪಕ್ಕದವರ ಜತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಹಿಂದಿನಿಂದ ಯಾರೋ ಸೈಕಲ್‌ನವರು ದಾಟಿ ಹೋದರೆ ಬಿಟ್ಟುಬಿಡಿ. ಹಗುರದ ದಿನ ಹಾಳಾಗುವುದು ಸಾಮಾನ್ಯವಾಗಿ ಅಲ್ಲೇ.

ಗಂಜಿ_ಉಪ್ಪಿನಕಾಯಿ

ಊಟದ ಪ್ರಶ್ನೆಗೆ ಉತ್ತರ: ಕಡಿಮೆ ಮಾಡಬೇಡಿ. ಎಷ್ಟೋ ಜನ ‘ಇವತ್ತು ತುಳಿದಿಲ್ಲವಲ್ಲ’ ಅಂತ ಅರ್ಧ ಊಟ ಮಾಡಿ ಮಾರನೇ ದಿನ 40ನೇ ಕಿಲೋಮೀಟರ್‌ನಲ್ಲಿ ಕುಸಿಯುತ್ತಾರೆ. ಸ್ನಾಯುವಿನೊಳಗಿನ ಗ್ಲೈಕೋಜನ್ (ದೇಹ ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನು) ಖಾಲಿಯಾದರೆ ಮತ್ತೆ ತುಂಬಲು ಹೊಟ್ಟೆ ತುಂಬಾ ಪಿಷ್ಟ ತಿಂದರೂ ಸುಮಾರು 24 ಗಂಟೆ ಬೇಕು. ನಾಲ್ಕು ದಿನ ಸತತ ತುಳಿದಾಗ ಪ್ರತಿ ರಾತ್ರಿ ಸ್ವಲ್ಪ ಸ್ವಲ್ಪ ಕೊರತೆ ಉಳಿದಿರುತ್ತದೆ. ಆ ಸಾಲ ತೀರಿಸುವುದೇ ಹಗುರದ ದಿನದ ದೊಡ್ಡ ಕೆಲಸ.

ನಿಮ್ಮ 68 ಕೆ.ಜಿ.ಗೆ, ಕೆ.ಜಿ.ಗೆ 6ರಿಂದ 7 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 410–480 ಗ್ರಾಂ ಪಿಷ್ಟ ಬೇಕು. ತಟ್ಟೆಯ ಲೆಕ್ಕಕ್ಕೆ ಇಳಿಸಿದರೆ: ಬೆಂದ ಅನ್ನ 100 ಗ್ರಾಂನಲ್ಲಿ ಸುಮಾರು 28 ಗ್ರಾಂ ಇರುತ್ತದೆ, ಸಾಧಾರಣ ಗಾತ್ರದ ಒಂದು ಇಡ್ಲಿಯಲ್ಲಿ 8–10, ಪಚ್ಚಬಾಳೆಹಣ್ಣಿನಲ್ಲಿ 25, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧ. ಬೆಳಗ್ಗೆ ತುಳಿದು ಬಂದ ಅರ್ಧ ಗಂಟೆಯೊಳಗೆ ಐದು ಇಡ್ಲಿ, ಎರಡು ಬಾಳೆಹಣ್ಣು. ಹನ್ನೊಂದಕ್ಕೆ ಬೆಲ್ಲ ಹಾಕಿದ ಅವಲಕ್ಕಿ. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು 350–400 ಗ್ರಾಂ ಅನ್ನ, ಸಾರು, ಪಲ್ಯ. ಸಂಜೆ ಒಂದೆರಡು ಹಣ್ಣು. ರಾತ್ರಿ ಮತ್ತೆ ಅನ್ನ, ಅಥವಾ ನೀರುದೋಸೆ ಆರೇಳು. ಕುಚ್ಚಲಕ್ಕಿ ಅನ್ನ ಅಭ್ಯಾಸ ಇಲ್ಲದವರು ಅವತ್ತೇ ಶುರು ಮಾಡಬೇಡಿ. ಒಳ್ಳೆಯ ಅನ್ನ ಅದು, ಆದರೆ ಅಗಿಯುವ ಅಭ್ಯಾಸ ಇಲ್ಲದೆ ಬೇಗ ನುಂಗಿದರೆ ಹೊಟ್ಟೆ ಭಾರ. ಬನ್ಸು, ಗೋಳಿಬಜೆ ಒಂದೆರಡು ತಿನ್ನಲು ಅಡ್ಡಿಯಿಲ್ಲ, ಅದರಿಂದಲೇ ಹೊಟ್ಟೆ ತುಂಬಿಸಿಕೊಂಡರೆ ಅನ್ನಕ್ಕೆ ಜಾಗ ಇರುವುದಿಲ್ಲ.

ಪ್ರೋಟೀನ್ ದಿನಕ್ಕೆ ಸುಮಾರು 110 ಗ್ರಾಂ, ಒಂದೇ ಸಲಕ್ಕಲ್ಲ, ನಾಲ್ಕು ಪಾಲು ಮಾಡಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ 19ರ ಹತ್ತಿರ. ಮೀನು ಮೊಟ್ಟೆ ತಿನ್ನದವರಿಗೆ ದಾರಿಯ ಹೋಟೆಲ್‌ಗಳಲ್ಲಿ ಇಷ್ಟು ಸಿಗುವುದು ನಿಜಕ್ಕೂ ಕಷ್ಟ. ಸಾಂಬಾರಿನಲ್ಲಿ ಬೇಳೆ ತೀರಾ ಕಡಿಮೆ. ಪನೀರ್, ಗಟ್ಟಿ ಮೊಸರು, ಕಡಲೆಕಾಳು ಉಸಲಿ ಹುಡುಕಿ. ಹುರಿಗಡಲೆ 200 ಗ್ರಾಂ ಚೀಲದಲ್ಲಿ ಇಟ್ಟುಕೊಂಡರೆ ಅರ್ಧ ಚಿಂತೆ ಕಳೆಯಿತು.

ನೀರಿನ ವಿಷಯದಲ್ಲಿ ಕರಾವಳಿಯಲ್ಲಿ ಎಲ್ಲರೂ ಮಾಡುವ ತಪ್ಪು ಬರೀ ಎಳನೀರು ಕುಡಿಯುವುದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಟೋಪಿಯ ಪಟ್ಟಿ, ಬನಿಯನ್ ಬೆನ್ನು ಒಣಗಿದಾಗ ಬಿಳಿ ಗೆರೆ ಕಟ್ಟಿದೆ ಅಂದರೆ ನೀವು ಜಾಸ್ತಿ ಉಪ್ಪು ಕಳೆದುಕೊಳ್ಳುವವರು. ಎಳನೀರಿನ ಜತೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ, ಇಲ್ಲವೇ ಓಆರ್‌ಎಸ್. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಲೀಟರಿಗೆ 20.5 ಗ್ರಾಂ, ಅದರಲ್ಲಿ ಉಪ್ಪು 2.6, ಗ್ಲುಕೋಸ್ 13.5. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್‌ಗೇ ಕಲಸಬೇಕು. ಅರ್ಧ ಬಾಟಲಿಗೆ ಪೂರ್ತಿ ಸುರಿದರೆ ಗಟ್ಟಿಯಾಗಿ ಹೊಟ್ಟೆ ತೊಳಸುತ್ತದೆ. ಔಷಧಿ ಅಂಗಡಿಯಲ್ಲಿ ಅದೇ ಸಾಲಿನಲ್ಲಿ ಇಟ್ಟಿರುವ ಸಿಹಿ ಪಾನೀಯದ ಡಬ್ಬಿ ಬೇರೆ, ಲೇಬಲ್ ಓದಿ ತೆಗೆದುಕೊಳ್ಳಿ.

ಮಂಗಳೂರು ಮುಟ್ಟಿದ ಸಂಜೆ ತೂಕದ ಯಂತ್ರ ಸಿಕ್ಕರೆ ಹತ್ತಿ ನೋಡಿ. ಮನೆಯಲ್ಲಿ ನೋಡಿದ್ದಕ್ಕಿಂತ ಒಂದು ಕೆ.ಜಿ. ಕಡಿಮೆ ಇದ್ದರೆ ಹೆಚ್ಚಾಗಿ ಅದು ನೀರು, ಒಂದೂವರೆ ಲೀಟರ್ ಹೆಚ್ಚಿಗೆ ಕುಡಿಯಬೇಕು, ನಿಧಾನವಾಗಿ, ಮಲಗುವ ಹೊತ್ತಿಗೆ. ಒಂದೇ ಉಸಿರಿಗೆ ಬರೀ ನೀರು ಮೂರು ನಾಲ್ಕು ಲೀಟರ್ ಕುಡಿಯುವುದು ಅಪಾಯ, ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರುತ್ತದೆ. ಮೂತ್ರ ತಿಳಿ ಹಳದಿ ಇದ್ದರೆ ಸಾಕು, ನೀರಿನ ಹಾಗೆ ಬೆಳ್ಳಗಾಗಬೇಕಿಲ್ಲ. ಕಾಫಿ ಮಧ್ಯಾಹ್ನ ಎರಡರವರೆಗೆ ಕುಡಿಯಿರಿ, ಆಮೇಲೆ ಬೇಡ, ನಿದ್ದೆ ಮುಖ್ಯ.

ಕಡ್ಡಿ_ಟೈಟು

ಸೈಕಲ್ ಕೆಲಸವನ್ನು ಬೆಳಗ್ಗೆ ತುಳಿದು ಬಂದ ಕೂಡಲೇ ಮಾಡಿ. ಸಂಜೆಗೆ ಬಿಟ್ಟರೆ ಏನಾದರೂ ಒಡೆದದ್ದು ಕಂಡಾಗ ಅಂಗಡಿ ಮುಚ್ಚಿರುತ್ತದೆ. ಒಟ್ಟು ಒಂದು ಗಂಟೆ ಸಾಕು.

ಮೊದಲು ಬ್ರೇಕು, ಯಾಕೆಂದರೆ ನೀವು ಮಡಿಕೇರಿಯಿಂದ ಇಳಿದು ಬಂದಿರುತ್ತೀರಿ. ಚಕ್ರ ಬಿಚ್ಚಿ ಪ್ಯಾಡ್ ಹೊರಗೆ ತೆಗೆಯಿರಿ. ತಗಡಿನ ಮೇಲೆ ಉಳಿದಿರುವ ಪದರ ಅರ್ಧ ಮಿ.ಮೀ.ಗಿಂತ ಕಡಿಮೆ ಇದ್ದರೆ ಬದಲಾಯಿಸಲೇಬೇಕು. ಒಂದು ಮಿ.ಮೀ. ಇದ್ದರೆ ಈ ಕರಾವಳಿ ರಸ್ತೆಗೆ ಸಾಕು. ಕೇಬಲ್ ಡಿಸ್ಕ್‌ಗಳಲ್ಲಿ ಬಹುಪಾಲು ಒಂದೇ ಕಡೆಯ ಪ್ಯಾಡ್ ಚಲಿಸುತ್ತದೆ, ಒಳಗಿನದು ನಿಂತಲ್ಲೇ ಸವೆಯುತ್ತದೆ. ಇಳಿಜಾರು ಮುಗಿದ ಮೇಲೆ ಲಿವರ್ ಹ್ಯಾಂಡಲ್ ಹತ್ತಿರಕ್ಕೆ ಬರತೊಡಗಿದರೆ ಕೇಬಲ್ ಎಳೆಯಬೇಡಿ, ಮೊದಲು ಒಳಗಿನ ಪ್ಯಾಡ್‌ನ ತಿರುಪನ್ನು ರೋಟರ್ (ಚಕ್ರದ ಜತೆ ತಿರುಗುವ ಬ್ರೇಕ್ ತಟ್ಟೆ) ಕಡೆಗೆ ಒಂದೊಂದೇ ಕ್ಲಿಕ್ ಒಳಗೆ ತನ್ನಿ. ಕೇಬಲ್ ಎಳೆದೇ ಸರಿಮಾಡುತ್ತಾ ಹೋದರೆ ರೋಟರ್ ಒಂದು ಪಕ್ಕಕ್ಕೆ ಬಾಗಿ ಉಜ್ಜುತ್ತದೆ, ಹಿಡಿತವೂ ಬರುವುದಿಲ್ಲ.

ಆಮೇಲೆ ಚೈನು. ಇದನ್ನು ಜನ ಅವಸರದಲ್ಲಿ ಕೆಡಿಸುತ್ತಾರೆ. ಹಳೇ ಬನಿಯನ್ ಬಟ್ಟೆ ಎರಡು ತುಂಡು, ಹಳೇ ಹಲ್ಲುಜ್ಜುವ ಬ್ರಷ್, 100 ಮಿ.ಲೀ. ಸೀಮೆಎಣ್ಣೆ ಅಥವಾ ಡೀಸೆಲ್ ಬೇಕು. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಬೈಕ್ ಮೆಕ್ಯಾನಿಕ್ ಅಂಗಡಿಯಲ್ಲಿ ಕೇಳಿದರೆ ಲೋಟದಲ್ಲಿ ಸ್ವಲ್ಪ ಹಾಕಿಕೊಡುತ್ತಾರೆ. ರೋಟರ್ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ. ಎಣ್ಣೆಯ ಒಂದು ಹನಿ ಅದರ ಮೇಲೆ ಬಿದ್ದರೂ ಪ್ಯಾಡ್ ಹೀರಿಕೊಂಡು ಕೀಚಲು ಕೂಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಚೈನನ್ನು ಹಿಂದೆ ನಡುವಿನ ಹಲ್ಲಿಗೆ ತನ್ನಿ. ಬ್ರಷ್ ಅದ್ದಿ ಕೆಳಗಿನ ಸಾಲನ್ನು ಮೇಲೆ, ಕೆಳಗೆ, ಎರಡು ಪಕ್ಕ ಉಜ್ಜುತ್ತಾ ಪೆಡಲ್ ಹಿಂದಕ್ಕೆ ತಿರುಗಿಸಿ. ಕಪ್ಪು ನೀರು ಇಳಿಯುವುದು ನಿಲ್ಲುವತನಕ. ಒಣ ಬಟ್ಟೆಯನ್ನು ಮುಷ್ಟಿಯಲ್ಲಿ ಚೈನಿನ ಸುತ್ತ ಹಿಡಿದು ಇಪ್ಪತ್ತು ಸುತ್ತು ತಿರುಗಿಸಿ. ಈಗ ಕನಿಷ್ಠ ಅರ್ಧ ಗಂಟೆ ಬಿಸಿಲಿಗೆ ಬಿಡಬೇಕು. ಒಳಗಿನ ಸೀಮೆಎಣ್ಣೆ ಆರದೆ ಲೂಬ್ (ಚೈನಿಗೆ ಹಾಕುವ ಎಣ್ಣೆ) ಹಾಕಿದರೆ ಅದು ಲೂಬನ್ನೂ ತೆಳು ಮಾಡಿ ಕರಗಿಸಿಬಿಡುತ್ತದೆ, ಮಾರನೇ ದಿನ ಐವತ್ತು ಕಿಲೋಮೀಟರಿಗೇ ಚೈನು ಕಿರುಗುಟ್ಟುತ್ತದೆ. ಒಣಗಿದ ಮೇಲೆ ಪ್ರತಿ ರೋಲರ್ ಮೇಲೆ ಒಂದೇ ಒಂದು ಹನಿ. ಜೋಡಿಸುವ ಕೊಂಡಿಯನ್ನು ಗುರುತಿಟ್ಟುಕೊಂಡು ಅಲ್ಲಿಂದ ಶುರು ಮಾಡಿದರೆ ಎಲ್ಲಿಗೆ ಮುಗಿಯಿತು ಅನ್ನುವುದು ತಿಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿ ತೆಗೆಯಿರಿ. ಎಣ್ಣೆ ಬೇಕಾಗಿರುವುದು ರೋಲರ್ ಒಳಗೆ. ಹೊರಗೆ ಉಳಿದದ್ದು ಮಲ್ಪೆಯ ಮರಳು ಹಿಡಿಯುವುದಕ್ಕೆ ಅಷ್ಟೇ.

ಚೈನು ಸವೆದಿದೆಯೋ ಅಂತ ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ, ಆದರೆ ಇದನ್ನು ಹೊರಡುವ ಮುಂಚೆಯೇ ಮಾಡುವುದು ಒಳ್ಳೆಯದು. ಒಂದು ಪಿನ್ನಿನ ನಡುವಿನಿಂದ, ಆ ಪಿನ್ನನ್ನು ಬಿಟ್ಟು ಎಣಿಸಿ, 24ನೇ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ 304.8 ಮಿ.ಮೀ. ಅದು 307 ಮುಟ್ಟಿದ್ದರೆ 8 ಸ್ಪೀಡ್ ಚೈನನ್ನು ಬದಲಾಯಿಸಬೇಕು. ಅದಕ್ಕಿಂತ ತಡಮಾಡಿದರೆ ಹಿಂದಿನ ಹಲ್ಲುಗಳೂ ಅದಕ್ಕೆ ತಕ್ಕಂತೆ ಸವೆದು, ಹೊಸ ಚೈನು ಹಾಕಿದಾಗ ಏರಿನಲ್ಲಿ ಜಾರುತ್ತದೆ.

ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ, ಬೆರಳಿನಿಂದ ಮೀಟಿ. ಹಿಂದಿನ ಚಕ್ರದ ಚೈನ್ ಕಡೆಯ ಕಡ್ಡಿಗಳ ಸದ್ದು ಒಂದಕ್ಕೊಂದು ಹತ್ತಿರ ಇರಬೇಕು. ಒಂದು ಮಂಕಾಗಿ ಠಪ್ ಅಂದರೆ ಅದು ಸಡಿಲಾಗಿದೆ. ಲಗೇಜು ಹೊತ್ತ ಸೈಕಲ್‌ನಲ್ಲಿ ಹೆಚ್ಚಾಗಿ ಮುರಿಯುವುದು ಆ ಕಡೆಯದು, ಅಲ್ಲಿ ಬಿಗಿತ ಜಾಸ್ತಿ. ನಿಪ್ಪಲ್ (ಕಡ್ಡಿಯ ತುದಿಯ ನಟ್ಟು) ಅನ್ನು ಟಯರ್ ಕಡೆಯಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ಕಾಲು ಸುತ್ತು, ಅಷ್ಟೇ, ಮತ್ತೆ ಚಕ್ರ ತಿರುಗಿಸಿ ನೋಡಿ. ಅದೇ ಅಳತೆಯ ಎರಡು ಕಡ್ಡಿ ಫ್ರೇಮಿಗೆ ಟೇಪ್ ಸುತ್ತಿ ಇಟ್ಟುಕೊಂಡಿರಿ. ದಾರಿಯ ಅಂಗಡಿಗಳಲ್ಲಿ ನಿಮ್ಮ ಅಳತೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಕ್ಯಾರಿಯರ್ ಬೋಲ್ಟುಗಳು ಐದನೇ ದಿನಕ್ಕೆ ಖಂಡಿತಾ ಸಡಿಲಾಗಿರುತ್ತವೆ. 4 ಮಿ.ಮೀ. ಅಲೆನ್ ಕೀ, ನಾಲ್ಕೂ ಬೋಲ್ಟು. ಟಯರಿನ ಗಾಳಿ ಇಳಿಸಿ ಸುತ್ತಲೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಹೆದ್ದಾರಿ ಅಂಚಿನಲ್ಲಿ ಲಾರಿ ಟಯರ್ ಒಡೆದು ಬಿದ್ದ ಸಣ್ಣ ತಂತಿ ಚುಚ್ಚಿಕೊಂಡಿರುತ್ತದೆ, ಕೂದಲಿನಷ್ಟು ತೆಳು, ಎರಡು ದಿನ ಸುಮ್ಮನಿದ್ದು ಮೂರನೇ ದಿನ ಟ್ಯೂಬು ಮುಟ್ಟುತ್ತದೆ. ಚಿಮುಟದಿಂದ ಎಳೆಯಿರಿ. ನಿಮ್ಮ ಭಾರಕ್ಕೆ ಹಿಂದೆ 70, ಮುಂದೆ 55 ಪಿಎಸ್‌ಐ.

ಮತ್ತೆ ದಯವಿಟ್ಟು ವಾಟರ್ ಸರ್ವಿಸ್‌ಗೆ ಕೊಡಬೇಡಿ. ಆ ಒತ್ತಡದ ನೀರು ಹಬ್ (ಚಕ್ರದ ನಡುವಿನ ಗುಂಬ), ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚು) ಬೇರಿಂಗಿನೊಳಗೆ ನುಗ್ಗಿ ಗ್ರೀಸ್ ತೊಳೆದುಬಿಡುತ್ತದೆ. ಬಕೆಟ್ ನೀರು, ಒದ್ದೆ ಬಟ್ಟೆ ಸಾಕು. ಮರಳಿನ ಮೇಲೆ ಫೋಟೋಕ್ಕೆ ಅಂತ ಓಡಿಸಿದ್ದರೆ ಅವತ್ತೇ ಸಿಹಿನೀರಿನಲ್ಲಿ ಒರೆಸಿ.

ನಿಧಾನ_ನಾಡಿ

ಘಟ್ಟದ_ಗೇರು ಅವರ ಯೋಜನೆ ಚೆನ್ನಾಗಿದೆ, ಒಂದು ತಿದ್ದುಪಡಿ ಮಾತ್ರ. ಆರನೇ ದಿನ ತುಳಿಯಲೇಬೇಕು ಅಂತಿಲ್ಲ. ತುಳಿಯಬೇಕೋ ಬೇಡವೋ ಅನ್ನುವುದನ್ನು ಅವತ್ತು ಬೆಳಗ್ಗೆ ದೇಹವನ್ನು ನೋಡಿ ತೀರ್ಮಾನಿಸಿ.

ಹೊರಡುವ ಒಂದು ವಾರ ಮುಂಚಿನಿಂದ ಪ್ರತಿದಿನ ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲು, ಎರಡು ನಿಮಿಷ ಸುಮ್ಮನೆ ಮಲಗಿದ್ದು ಪೂರ್ತಿ 60 ಸೆಕೆಂಡ್ ನಾಡಿ ಎಣಿಸಿ ಬರೆದಿಡಿ. ಪ್ರವಾಸದಲ್ಲೂ ಮುಂದುವರಿಸಿ. ಮಾಮೂಲಿಗಿಂತ ನಾಲ್ಕೈದು ಹೆಚ್ಚಿದ್ದರೆ ಅದು ಸಹಜ, ತುಳಿಯಿರಿ. ಎರಡು ಬೆಳಗ್ಗೆ ಸತತವಾಗಿ 8–10 ಹೆಚ್ಚಿದ್ದು, ರಾತ್ರಿ ನಿದ್ದೆಯೂ ಕೆಟ್ಟು, ಊಟ ಸೇರದಿದ್ದರೆ ಸೈಕಲ್ ಮುಟ್ಟಬೇಡಿ. ಇನ್ನೊಂದು ಲಕ್ಷಣ ಏರಿನಲ್ಲಿ ಗೊತ್ತಾಗುತ್ತದೆ: ಕಾಲು ಉರಿಯುತ್ತಿದೆ, ಉಸಿರು ಜೋರಾಗಿದೆ, ಆದರೆ ನಾಡಿ ಮಾಮೂಲಿನಷ್ಟು ಮೇಲೇರುತ್ತಿಲ್ಲ. ಅದೂ ದಣಿವೇ. ಮೊದಲ ಅರ್ಧ ಗಂಟೆ ಕಾಲು ಭಾರ ಅನ್ನಿಸಿ ಆಮೇಲೆ ಬಿಟ್ಟರೆ ಮಾತ್ರ ಚಿಂತೆಯಿಲ್ಲ.

ಇವು ಯಾವುವೂ ಇಲ್ಲದಿದ್ದರೆ ತುಳಿಯುವುದೇ ಉತ್ತಮ. ಇಡೀ ದಿನ ಮಲಗಿದವರಿಗೆ ಮಾರನೇ ಬೆಳಗ್ಗೆ ಕಾಲು ಕಟ್ಟಿಕೊಂಡ ಹಾಗಿರುತ್ತದೆ. ಟೂರ್ ಡಿ ಫ್ರಾನ್ಸ್‌ನಲ್ಲಿ 23 ದಿನಕ್ಕೆ 21 ಹಂತ, ಎರಡು ವಿಶ್ರಾಂತಿ ದಿನ. ಆ ಎರಡು ದಿನವೂ ಸವಾರರು ಒಂದೆರಡು ಗಂಟೆ ಹಗುರವಾಗಿ ತುಳಿದೇ ಬರುತ್ತಾರೆ.

ಕಾಲಿಗೆ ನಿಜವಾದ ಶತ್ರು ಊರು ನೋಡುವ ನಡಿಗೆ. ಮಡಿಕೇರಿಯಲ್ಲಿ ಮಧ್ಯಾಹ್ನವೇ ತಲುಪಿ ಅಬ್ಬಿ ಜಲಪಾತದ ಮೆಟ್ಟಿಲು ಇಳಿದು ಹತ್ತಿದರೆ ಮಾರನೇ ದಿನ ತೊಡೆ ಹಿಡಿಯುತ್ತದೆ. ಪೆಡಲ್ ತುಳಿಯುವಾಗ ಸ್ನಾಯು ಚಿಕ್ಕದಾಗುತ್ತಾ ಬಲ ಹಾಕುತ್ತದೆ. ಮೆಟ್ಟಿಲು ಇಳಿಯುವಾಗ ಉದ್ದವಾಗುತ್ತಾ ಭಾರ ತಡೆಯುತ್ತದೆ, ಸೈಕಲ್‌ನವರಿಗೆ ಆ ಅಭ್ಯಾಸ ಇರುವುದಿಲ್ಲ. ಆ ನೋವು ಒಂದರಿಂದ ಮೂರು ದಿನ ಇರುತ್ತದೆ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್‌ವರೆಗೆ ನಡೆಯುವುದೂ ಹಾಗೇ. ಕುಡ್ಲೆಯೊಂದನ್ನು ನೋಡಿ, ಉಳಿದದ್ದಕ್ಕೆ ಇನ್ನೊಮ್ಮೆ ಬನ್ನಿ.

ಚರ್ಮದ ವಿಷಯವನ್ನು ಯಾರೂ ಹೇಳಿಲ್ಲ. ಸೀಟಿನ ಜಾಗದಲ್ಲಿ ಕೆಂಪಾಗಿ ಗಂಟು ಎದ್ದಿದ್ದರೆ ಒಡೆಯಬೇಡಿ. ಸೋಪು ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಇಡೀ ದಿನ ಸಡಿಲ ಲುಂಗಿಯಲ್ಲಿರಿ. ಗಾಳಿ ಆಡುವುದೇ ಔಷಧಿ. ಕೀವು, ಜ್ವರ ಇದ್ದರೆ ವೈದ್ಯರಿಗೆ ತೋರಿಸಿ, ಮುರುಡೇಶ್ವರ ಕಾಯುತ್ತದೆ. ಪ್ಯಾಡಿನ ಚಡ್ಡಿಗಳನ್ನು ಆರನೇ ದಿನ ಬೆಳಗ್ಗೆ ಆರೂವರೆಗೇ ಒಗೆದು ಹಾಕಿ. ಕರಾವಳಿಯ ತೇವದಲ್ಲಿ ದಪ್ಪ ಪ್ಯಾಡು ರಾತ್ರಿಯಿಡೀ ಫ್ಯಾನ್ ಕೆಳಗಿದ್ದರೂ ಒಣಗುವುದಿಲ್ಲ. ಒಗೆದ ಮೇಲೆ ಒಣ ಟವೆಲ್‌ನಲ್ಲಿ ಸುರುಳಿ ಸುತ್ತಿ ಅದರ ಮೇಲೆ ನಿಂತು ತುಳಿಯಿರಿ, ಆಮೇಲೆ ಪ್ಯಾಡು ಹೊರಗೆ ಬರುವಂತೆ ತಿರುಗಿಸಿ ಬಿಸಿಲಿಗೆ ಹಾಕಿ. ಸೋಪು ಉಳಿದರೆ ಅದೇ ಉರಿ ತರುತ್ತದೆ, ಮೂರು ಸಲ ನೀರಿನಲ್ಲಿ ಜಾಲಿಸಿ.

ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ. ಒಂದು ಸಲಕ್ಕೆ 3 ಮಿ.ಮೀ. ಮಾತ್ರ ಬದಲಿಸಿ, ಬೆಳಗಿನ ಹಗುರ ಸವಾರಿಯಲ್ಲಿ ಪರೀಕ್ಷಿಸಿ. ನೋವಿನ ಮಾತ್ರೆ ನುಂಗಿ ತುಳಿಯುವುದು ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಬೆವರಿ ನೀರು ಕಳೆದುಕೊಂಡಿರುವ ದೇಹದಲ್ಲಿ ಕಿಡ್ನಿಗೆ ಪೆಟ್ಟು ಕೊಡುತ್ತವೆ.

ಹೊಸ_ಕ್ಯಾರಿಯರ್

ತುಂಬಾ ಉಪಕಾರವಾಯಿತು. ಉಡುಪಿಯಲ್ಲಿ ಎರಡು ರಾತ್ರಿ ಅಂತ ಪಟ್ಟಿ ಬದಲಿಸಿದೆ. ಇನ್ನೆರಡು ವಿಷಯ. 80 ಕಿ.ಮೀ. ಮೇಲೆ ಗೆಳೆಯನಿಗೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ, ಅವನು ನನಗಿಂತ ನಿಧಾನ ಕೂಡ. ಮತ್ತೆ, ಉಡುಪಿಯ ಆ ದಿನದ ಆಮೇಲೂ ಸುಧಾರಿಸದಿದ್ದರೆ ಏನು ಮಾಡುವುದು?

ಘಟ್ಟದ_ಗೇರು

ಆ ಎರಡು ಬೆರಳಿಗೆ ಹೋಗುವ ನರ ಅಂಗೈಯ ಕಿರುಬೆರಳಿನ ಕಡೆಯ ಬುಡದಲ್ಲಿ ಹಾದುಹೋಗುತ್ತದೆ, ಹ್ಯಾಂಡಲ್ ಒತ್ತುವುದು ಸರಿಯಾಗಿ ಅಲ್ಲೇ. ಮೊದಲು ಸೀಟಿನ ಮೂತಿ ನೋಡಿ. ಅದು ಮುಂದಕ್ಕೆ ಬಾಗಿದ್ದರೆ ದೇಹ ಜಾರಿ ಭಾರವೆಲ್ಲ ಕೈಗೆ ಬರುತ್ತದೆ, ಸಪಾಟು ಮಾಡಿ. ಹ್ಯಾಂಡಲ್ ಕೆಳಗೆ ಸ್ಪೇಸರ್ (ಎತ್ತರಿಸುವ ಬಳೆ) ಸೇರಿಸಿ ಎತ್ತರಿಸಲು ಆದರೆ 1 ಸೆಂ.ಮೀ. ಎತ್ತರಿಸಿ. ನೇರ ಹ್ಯಾಂಡಲ್‌ಗೆ ತುದಿಯಲ್ಲಿ ಬಾರ್ ಎಂಡ್ (ಕೊಂಬಿನಂಥ ಹೆಚ್ಚುವರಿ ಹಿಡಿಕೆ) ಹಾಕಿಸಿದರೆ ಹಿಡಿತ ಬದಲಿಸಲು ಜಾಗ ಸಿಗುತ್ತದೆ. ಐದು ನಿಮಿಷಕ್ಕೊಮ್ಮೆ ಬದಲಿಸಲೇಬೇಕು, ಜೋಮು ಬಂದ ಮೇಲೆ ಅಲ್ಲ. ಆರನೇ ದಿನ ಒಂದು ಪರೀಕ್ಷೆ ಮಾಡಿ: ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಕಾಗದ ಹಿಡಿಸಿ ನೀವು ಎಳೆಯಿರಿ. ಹೆಬ್ಬೆರಳು ಮಡಚದೆ ಹಿಡಿಯಲು ಆಗದಿದ್ದರೆ ಅದು ಬರೀ ಜೋಮಲ್ಲ, ನರ ಬಲ ಕಳೆದುಕೊಂಡಿದೆ. ಪ್ರವಾಸ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು.

ನಿಧಾನದವರು ಯಾವಾಗಲೂ ಮುಂದಿರಲಿ. ಅವರ ಲಗೇಜಿನಿಂದ 3 ಕೆ.ಜಿ. ನೀವು ತೆಗೆದುಕೊಳ್ಳಿ: ಟೂಲ್, ಬೀಗ, ಟ್ಯೂಬು, ಒದ್ದೆ ಬಟ್ಟೆ. ಕರಾವಳಿಯಲ್ಲಿ ಮಧ್ಯಾಹ್ನದ ಕಡಲಗಾಳಿ ಉತ್ತರಕ್ಕೆ ಹೋಗುವವರಿಗೆ ಎಡಗಡೆಯಿಂದ ಓರೆಯಾಗಿ ಎದುರಿಗೆ ಬರುತ್ತದೆ. ಅದರಲ್ಲಿ ಮಾತ್ರ ಬಲ ಇರುವವರು ಮುಂದೆ, ಹಿಂದಿನವರು ಒಂದು ಮೀಟರ್ ಅಂತರದಲ್ಲಿ. ಏಳನೇ ದಿನ 102 ಕಿ.ಮೀ. ಇರುವುದರಿಂದ ಬೆಳಕು ಹರಿಯುವ ಹೊತ್ತಿಗೆ, ಆರೂಕಾಲರ ಸುಮಾರಿಗೆ, ಲೈಟ್ ಹಾಕಿಕೊಂಡು ಹೊರಡಿ. ಹತ್ತೂವರೆಗೆ ಬೈಂದೂರಿನ ಹತ್ತಿರ ಇದ್ದರೆ ಉಳಿದದ್ದು ಸಲೀಸು.

ಸುಧಾರಿಸದಿದ್ದರೆ ಕೊಂಕಣ ರೈಲು ಇದೆ. ಉಡುಪಿ, ಕುಂದಾಪುರ, ಬೈಂದೂರು, ಭಟ್ಕಳ, ಮುರುಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕಾರವಾರ, ನಿಮ್ಮ ದಾರಿಯುದ್ದಕ್ಕೂ ಸ್ಟೇಷನ್‌ಗಳು. ಆದರೆ ಸಣ್ಣ ಸ್ಟೇಷನ್‌ನಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ, ಸೈಕಲ್ ಹತ್ತಿಸಲು ಸಮಯ ಸಾಲುವುದಿಲ್ಲ. ಹಾಗಾಗಿ ಮುಂದೆ ಹೋಗಬೇಕೋ ಬೇಡವೋ ಅನ್ನುವ ತೀರ್ಮಾನ ಉಡುಪಿಯಲ್ಲೇ ಆಗಲಿ. ಟಿಕೆಟ್ ತೆಗೆದುಕೊಂಡು, ಗಾಡಿಗೆ ಎರಡು ಗಂಟೆ ಮುಂಚೆ ಪಾರ್ಸೆಲ್ ಕಚೇರಿಗೆ ಹೋಗಿ ಸೈಕಲನ್ನು ಲಗೇಜ್ ಆಗಿ ಬುಕ್ ಮಾಡಿ. ಬೈಕಿನ ಹಾಗೆ ಟ್ಯಾಂಕಿನಿಂದ ಪೆಟ್ರೋಲ್ ತೆಗೆಸುವ ಗೋಜು ಸೈಕಲ್‌ಗೆ ಇಲ್ಲ. ಹ್ಯಾಂಡಲ್ ತಿರುಗಿಸಿ, ರೋಟರ್‌ಗೆ ರಟ್ಟು ಕಟ್ಟಿ, ಪೆಡಲ್ ಬಿಚ್ಚಿ. 15ರ ಸ್ಪ್ಯಾನರ್ ಬೇಕು, ಎಡ ಪೆಡಲ್‌ನ ತಿರುವು ಉಲ್ಟಾ ಅನ್ನುವುದು ನೆನಪಿರಲಿ.